ಹೆಗಲ ಬೋಲ್ಟಿನ ಮಂಚ

ಸಂಜೆ ಕಾರ್ಖಾನೆಯ ಗಂಟೆ ಹೊಡೆದರೆ ಉಳಿದವರು ನಲ್ಲಿಯ ಹತ್ತಿರ ಸಾಲು ನಿಂತು ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ನಿಧಾನಕ್ಕೆ ಹೊರಡುತ್ತಿದ್ದರು. ನಾನು ಮಾತ್ರ ಎಣ್ಣೆ ಮೆತ್ತಿದ ಕೈ ಸೀರೆಗೆ ತಾಗದಂತೆ ಎತ್ತಿ ಹಿಡಿದುಕೊಂಡು ಮನೆಯ ಕಡೆ ಓಡುತ್ತಿದ್ದೆ. ಓಟವೆಂದರೆ ಮಂಡಿ ಸವೆದ ಹೆಂಗಸಿನ ಓಟ, ನೋಡಿದವರಿಗೆ ನಡಿಗೆಯ ಹಾಗೇ ಕಾಣುತ್ತಿತ್ತೇನೋ. ಬೀದಿಯ ತುದಿಯ ಪುರಿಭಟ್ಟಿಯವನು ನನ್ನನ್ನು ಕಂಡ ಮೇಲೇ ಒಲೆಗೆ ಸಂಜೆಯ ಸೌದೆ ಹಾಕುತ್ತಿದ್ದ. ನಮ್ಮ ಮನೆಯ ಕಿಟಕಿ ಪಡುವಣದ ಕಡೆಗೆ ಪೂರ್ತಿ ತಿರುಗುವ ಮುಂಚೆ ನಾನು ಮನೆ ಸೇರಬೇಕಿತ್ತು. ಸೇರಿ, ಯಜಮಾನರು ಮಲಗಿದ್ದ ಮಂಚವನ್ನು ಗೋಡೆಯ ಕಡೆಗೆ ತಿರುಗಿಸಬೇಕಿತ್ತು. ಒಂದು ದಿನವೂ ಪೂರ್ತಿ ಸಮಯಕ್ಕೆ ತಲುಪಲಿಲ್ಲ.

ನಮ್ಮೂರಿನ ಮನೆಗಳು ಬೆಳಗಿನಿಂದ ಸಂಜೆಯವರೆಗೆ ತಿರುಗುತ್ತವೆ. ಯಾರೂ ತಿರುಗಿಸುವುದಿಲ್ಲ, ಅವೇ ತಿರುಗುತ್ತವೆ. ನಾವು ಮಲಗಿದ ಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಏಳುವ ಹೊತ್ತಿಗೆ ಮೊದಲಿನ ಜಾಗದಲ್ಲಿರುತ್ತವೆ. ಒಂದೊಂದು ಮನೆಯದು ಒಂದೊಂದು ವೇಗ. ನಮ್ಮದು ನಿಧಾನದ ಮನೆ. ಪಕ್ಕದ ಸಾವಂತ್ರಕ್ಕನದು ಮಧ್ಯಾಹ್ನದ ಊಟದೊಳಗೆ ತನ್ನ ತಿರುಗಾಟ ಮುಗಿಸಿ ಸುಮ್ಮನೆ ನಿಂತುಬಿಡುತ್ತದೆ. ಇಲ್ಲಿ ಹುಟ್ಟಿದವರಿಗೆ ಇದೆಲ್ಲ ಅಭ್ಯಾಸ. ಬಟ್ಟೆ ಒಣಹಾಕುವ ಹಗ್ಗವನ್ನು ಮನೆಗೆ ಕಟ್ಟದೆ ಎರಡು ಮರಗಳ ನಡುವೆ ಕಟ್ಟುತ್ತಾರೆ. ಅಂಚೆಯವನು ಬೆಳಗಿನ ಮನೆಗಳದ್ದು ಬೇರೆ, ಸಂಜೆಯ ಮನೆಗಳದ್ದು ಬೇರೆ ಮಾಡಿಕೊಂಡು ಹೊರಡುತ್ತಾನೆ. ಹೆಣ್ಣು ನೋಡಲು ಬರುವವರಿಗೆ ಬಾಗಿಲು ಯಾವಾಗ ಬೀದಿಗೆ ಬರುತ್ತದೆಂದು ಮೊದಲೇ ಹೇಳಿ ಕಳಿಸುತ್ತೇವೆ, ಇಲ್ಲದಿದ್ದರೆ ಬೀಗರು ಬಚ್ಚಲ ಪಕ್ಕದಿಂದ ಒಳಗೆ ಬರಬೇಕಾಗುತ್ತದೆ. ಪ್ರತಿ ಮನೆಯ ನಡುಮನೆಯಲ್ಲೂ ಒಂದು ಕಬ್ಬಿಣದ ಕಂಬವಿದೆ. ಕೆಳಗಿನ ಮಣ್ಣಿನಲ್ಲಿ ಆಳಕ್ಕೆ ಹೂತದ್ದು. ಅದೊಂದು ಅಲುಗುವುದಿಲ್ಲ, ಗೋಡೆ, ನೆಲ, ಸೂರು ಎಲ್ಲ ಅದರ ಸುತ್ತ ತಿರುಗುತ್ತವೆ.

ಹೀಗೆ ತಿರುಗುವ ಮನೆಗೆ ನೀರಿನ ಪೈಪು, ಬಚ್ಚಲ ಕೊಳವೆ, ಕರೆಂಟಿನ ತಂತಿ ಹೊತ್ತ ತೋಳು, ಬಾಗಿಲಿಂದ ಬೀದಿಗೆ ದಾಟುವ ಹಲಗೆ ಎಲ್ಲ ಕೂಡಿಕೊಂಡೇ ಇರಬೇಕು. ಗಟ್ಟಿಯಾಗಿ ಬಿಗಿದರೆ ಸಂಜೆಯೊಳಗೆ ಮುರಿಯುತ್ತವೆ, ಸಡಿಲ ಬಿಟ್ಟರೆ ಕಳಚಿಕೊಳ್ಳುತ್ತವೆ. ಅದಕ್ಕೇ ಹೆಗಲ ಬೋಲ್ಟು. ಕಾರ್ಖಾನೆಯ ಡಬ್ಬಿಗಳ ಮೇಲೆ ಶೋಲ್ಡರ್ ಬೋಲ್ಟ್ ಎಂದು ಬರೆದಿರುತ್ತದೆ, ಊರಿನ ಬಾಯಲ್ಲಿ ಹೆಗಲ ಬೋಲ್ಟು. ಮಾಮೂಲಿ ಬೋಲ್ಟಿನ ಹಾಗೇ ಇದಕ್ಕೂ ತಲೆಯಿದೆ, ತುದಿಯಲ್ಲಿ ತಿರುಪಿನ ಥ್ರೆಡ್ ಇದೆ. ನಡುವೆ ಮಾತ್ರ ಥ್ರೆಡ್ಡಿಗಿಂತ ದಪ್ಪನೆಯ, ನುಣ್ಣಗೆ ಉಜ್ಜಿದ ಒಂದು ಭಾಗ. ಅದು ಹೆಗಲು. ಬಿಗಿಯುತ್ತ ಹೋದರೆ ಹೆಗಲಿನ ಅಂಚು ಕೆಳಗಿನ ಕಬ್ಬಿಣಕ್ಕೆ ಹೋಗಿ ಕೂರುತ್ತದೆ, ಅಲ್ಲಿಂದಾಚೆ ಎಷ್ಟು ಬಲ ಹಾಕಿದರೂ ಒಳಗಿಳಿಯದು. ಹೆಗಲಿಗೆ ತೊಡಿಸಿದ ಕಬ್ಬಿಣದ ಪಟ್ಟಿಯನ್ನು ಅದು ಒತ್ತಿ ಹಿಡಿಯುವುದೂ ಇಲ್ಲ, ಬಿಟ್ಟುಕೊಡುವುದೂ ಇಲ್ಲ. ಬೋಲ್ಟು ಬಿಗಿಯಾಗಿರುತ್ತದೆ, ಪಟ್ಟಿ ಅದರ ಸುತ್ತ ತಿರುಗಿಕೊಂಡಿರುತ್ತದೆ. ಬಾವಿಯ ರಾಟೆ, ಗೇಟಿನ ಕೀಲು, ಹೊಲಿಗೆ ಮಿಷನ್ನಿನ ಕಾಲುಮಣೆ, ಕೂಸಿನ ತೊಟ್ಟಿಲ ಕೊಕ್ಕೆ, ಎಲ್ಲಿ ಒಂದು ನಿಲ್ಲಬೇಕು ಒಂದು ಆಡಬೇಕು ಅಲ್ಲೆಲ್ಲ ಇದೇ. ನನ್ನ ಕೆಲಸ ಕಬ್ಬಿಣ ಕಡೆಯುವ ಲೇತಿನಿಂದ ಬಂದ ಬೋಲ್ಟುಗಳ ಹೆಗಲಿಗೆ ಅಳತೆಯ ಬಳೆ ತೊಡಿಸಿ ನೋಡುವುದು. ಬಳೆ ಸರಾಗವಾಗಿ ತಿರುಗಿದರೆ ಈ ಡಬ್ಬಿ, ಸಿಕ್ಕಿಕೊಂಡರೆ ಆ ಡಬ್ಬಿ. ದಿನವೆಲ್ಲ ಅದೇ. ಬೆರಳ ತುದಿಗಳು ಚಳಿಗಾಲದಲ್ಲಿ ಬಿರಿಯುತ್ತವೆ.

ಕಾರ್ಖಾನೆಗೆ ಮೊದಲು ಹೋಗುತ್ತಿದ್ದವರು ನಮ್ಮ ಯಜಮಾನರು. ಅವರು ಲೇತಿನಲ್ಲಿದ್ದರು, ಒಳ್ಳೆಯ ಕೆಲಸಗಾರ ಎಂದು ಹೆಸರಿತ್ತು. ಒಂದು ದಿನ ಬೆಳಿಗ್ಗೆ ತಿಂಡಿಗೆ ಕೂತವರು ತಟ್ಟೆಯ ಮೇಲೆ ಒರಗಿಬಿಟ್ಟರು. ಬಲಭಾಗ ಬಿದ್ದುಹೋಯಿತು, ಮಾತು ಹೋಯಿತು. ಕತ್ತು ತಾನಾಗಿ ತಿರುಗದು, ತಿರುಗಿಸಿದ ಕಡೆ ಇರುತ್ತದೆ. ಎಡಗೈಯಲ್ಲಿ ಹಿಡಿತ ಉಳಿಯಿತು, ಎಡಗಾಲು ಹಾಸಿಗೆಯ ಮೇಲೆ ಒಂದಿಷ್ಟು ಸರಿಯುತ್ತಿತ್ತು. ಬಾಯಿಂದ ಬರುವುದು ಒಂದೇ ಸದ್ದು, ಹಸಿವಿಗೂ ಅದೇ, ನೋವಿಗೂ ಅದೇ. ಮನೆಯವರೊಬ್ಬರಿಗೆ ಕೆಲಸ ಕೊಡುತ್ತೇವೆ ಎಂದು ಕಾರ್ಖಾನೆಯವರು ಹೇಳಿಕಳಿಸಿದರು. ಮನೆಯಲ್ಲಿ ಇದ್ದವರು ನಾನು ಮತ್ತು ನಮ್ಮ ಒಬ್ಬಳೇ ಮಗಳು ಹೇಮ.

ಹೇಮಳ ಮದುವೆ ಆಗಲೇ ಗೊತ್ತಾಗಿತ್ತು. ಗಂಡು ಪರಮೇಶಿ, ಊರಿನ ಪಡುವಣಕ್ಕಿರುವ ತಗ್ಗಿನ ಆಚೆಯ ಮನೆಸಾಲಿನವನು, ಗಾಣದ ಮನೆಯವನು. ಮದುವೆ ಮುಂದಕ್ಕೆ ಹಾಕೋಣ ಎಂದು ನಾನು ಕೇಳಿದೆ. ಗಂಡಿನ ಕಡೆಯವರು ಒಪ್ಪಲಿಲ್ಲ, ಅವರ ಮನೆಯಲ್ಲೂ ಅಜ್ಜಿಯೊಬ್ಬಳು ಕೊನೆಯ ದಿನ ಎಣಿಸುತ್ತಿದ್ದಳಂತೆ. ಹೇಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಈಗ ಬಿಟ್ರೆ ಆಗಲ್ಲಮ್ಮ, ಅವರು ಬೇರೆ ಹೆಣ್ಣು ನೋಡ್ತಾರೆ," ಎಂದಳು.

"ನೋಡ್ಲಿ," ಎಂದೆ ನಾನು. "ನಿಮ್ಮಪ್ಪ ಹಿಂಗೆ ಬಿದ್ದಿರೋವಾಗ ನೀನು ಹಸೆಮಣೆ ಮೇಲೆ ಕೂರ್ತೀಯಾ?"

"ನಾನು ಕೂರದೆ ಇದ್ರೆ ಅಪ್ಪ ಏಳ್ತಾರಾ?"

ಅವಳು ಕೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ಕೈಯಲ್ಲಿ ಅವರ ಒದ್ದೆ ಬಟ್ಟೆಗಳಿದ್ದವು, ಹಿಂದಿನ ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಹೋಗುವುದಾದರೆ ಹೋಗು, ಅವರು ಮಲಗಿರುವಷ್ಟು ದಿನ ಈ ಹೊಸಿಲು ತುಳಿಯಬೇಡ ಎಂದೆ. ಅವಳು ಹೋದಳು. ಮದುವೆ ದೇವಸ್ಥಾನದಲ್ಲಿ ಆಯಿತಂತೆ. ನಾನು ಕಾರ್ಖಾನೆಗೆ ಸೇರಿಕೊಂಡೆ. ಆಮೇಲೆ ಅವಳಿಗೆ ಗಂಡುಮಗು ಆಯಿತು ಎಂದು ಊರಿನವರ ಬಾಯಲ್ಲಿ ಕೇಳಿದೆ. ಹೇಳಿಕಳಿಸಲಿ ಎಂದು ಕಾದೆ, ಅವಳು ಕರೆಯಲಿ ಎಂದು ಕಾದಳೋ ಏನೋ. ಸಾವಂತ್ರಕ್ಕ ಒಂದೆರಡು ಸಲ ಅವಳ ಹೆಸರೆತ್ತಿದಾಗ ನಾನು ಎದ್ದು ಒಳಗೆ ಹೋದೆ. ಆಕೆ ಮತ್ತೆ ಎತ್ತಲಿಲ್ಲ.

ಹಗಲು ಯಜಮಾನರನ್ನು ನೋಡಿಕೊಳ್ಳುತ್ತಿದ್ದವಳು ಇದೇ ಸಾವಂತ್ರಕ್ಕ. ಮಧ್ಯಾಹ್ನ ಬಂದು ಗಂಜಿ ಕುಡಿಸಿ, ಮಗ್ಗುಲು ಬದಲಾಯಿಸಿ, ಮೂರು ಗಂಟೆಯ ಹೊತ್ತಿಗೆ ಹಿಟ್ಟಿನ ಗಿರಣಿಗೆ ಹೋಗುತ್ತಿದ್ದಳು. ಅಲ್ಲಿಂದ ನಾನು ಬರುವವರೆಗೆ ಅವರಿಗೆ ಜೊತೆ ಎಂದರೆ ಕಿಟಕಿ. ನಡುಮನೆಯ ಮಂಚವನ್ನು ಕಿಟಕಿಗೆ ಎದುರಾಗಿ ಹಾಕಿ, ಬೆನ್ನಿಗೆ ದಿಂಬುಗಳನ್ನು ಒಟ್ಟಿ ಕೂರಿಸಿದಂತೆ ಮಲಗಿಸುತ್ತಿದ್ದೆ. ಬೆಳಿಗ್ಗೆ ಕಿಟಕಿಯಲ್ಲಿ ಗುಡ್ಡ ಕಾಣುತ್ತಿತ್ತು, ಗುಡ್ಡದ ಮೇಲೆ ಕುರಿಗಳು. ಮಧ್ಯಾಹ್ನ ಬೀದಿ, ಸೈಕಲ್ಲುಗಳು, ಶಾಲೆಯ ಮಕ್ಕಳು. ಸಂಜೆಗೆ ಮನೆ ಪಡುವಣಕ್ಕೆ ಬಂದಾಗ ತಗ್ಗು ಮತ್ತು ತಗ್ಗಿನ ಆಚೆಯ ಮನೆಸಾಲು. ಆ ಸಾಲಿನಲ್ಲಿ ಹೇಮಳ ಮನೆಯೂ ಒಂದು. ಅದೂ ತಿರುಗುತ್ತದೆ. ನಮ್ಮ ಕಿಟಕಿ ಅಲ್ಲಿಗೆ ಹೋಗಿ ಮುಟ್ಟುವ ಹೊತ್ತಿಗೆ ಅವಳ ಮನೆಯ ಕಿಟಕಿಯೂ ಈ ಕಡೆಗೆ ಬಂದಿರುತ್ತಿತ್ತು. ಎರಡೂ ಎದುರಾಗಿ ನಿಲ್ಲುವುದು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು, ಆಮೇಲೆ ತಪ್ಪಿಹೋಗುತ್ತವೆ.

ನಾನು ಒಳಗೆ ಬರುವಾಗ ಅವರ ಮುಖ ಒಂದು ಕಡೆಗೆ ಸೊಟ್ಟಗಾಗಿರುತ್ತಿತ್ತು. ಎಡಗೆನ್ನೆ ನಡುಗುತ್ತಿತ್ತು, ಬಲಗಣ್ಣಿನಿಂದ ನೀರು ಕಿವಿಯವರೆಗೆ ಇಳಿದಿರುತ್ತಿತ್ತು. ಗಂಟಲಲ್ಲಿ ಆ ಒಂದು ಸದ್ದು, ಬಿಟ್ಟುಬಿಟ್ಟು. ಬೇರೆ ಹೊತ್ತಿನಲ್ಲಿ ಹಾಗಾಗುತ್ತಿರಲಿಲ್ಲ. ಮಗಳ ಮನೆಯನ್ನು ಕಂಡು ಈ ಮನುಷ್ಯ ಅಳುತ್ತಿದ್ದಾನೆ, ಮುಖ ಆಚೆ ತಿರುಗಿಸುವುದಕ್ಕೂ ಆಗದೆ ನೋಡುತ್ತ ಅಳುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ. ಪರದೆ ಎಳೆದು ನೋಡಿದೆ, ಗಾಳಿಯಿಲ್ಲದೆ ಏದುಸಿರು ಬಿಟ್ಟರು. ಬೇರೆ ದಾರಿ ಇರಲಿಲ್ಲ. ಕಿಟಕಿಗೆ ಬೆನ್ನು ಹಾಕಿ ನಿಂತು, ಮಂಚದ ಕಾಲಿಗೆ ಭುಜ ಕೊಟ್ಟು ತಳ್ಳಿ ಗೋಡೆಯ ಕಡೆ ತಿರುಗಿಸುತ್ತಿದ್ದೆ. ಬೀಟೆಮರದ ಮಂಚ, ನಮ್ಮ ಮಾವನವರ ಕಾಲದ್ದು. ತಿರುಗಿಸಿದ ಮೇಲೂ ಒಂದಷ್ಟು ಹೊತ್ತು ಅವರ ಸದ್ದು ನಿಲ್ಲುತ್ತಿರಲಿಲ್ಲ, ಇನ್ನೂ ಜೋರಾಗುತ್ತಿತ್ತು. ಆಯಿತು, ಆಯಿತು, ಇನ್ನು ಕಾಣಲ್ಲ ಎಂದು ಎದೆ ಸವರುತ್ತಿದ್ದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮತ್ತೆ ತಳ್ಳಿ ಕಿಟಕಿಗೆ ಎದುರು ಮಾಡುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಸೊಂಟ ಹಿಡಿದುಕೊಂಡಿತು. ಕಾರ್ಖಾನೆಯಲ್ಲಿ ಸ್ಟೂಲಿನಿಂದ ಏಳಲು ಬೆಂಚನ್ನು ಹಿಡಿಯಬೇಕಾಗುತ್ತಿತ್ತು. ಒಂದು ಸಂಜೆ ಮಂಚ ಅರ್ಧ ತಿರುಗಿದಲ್ಲೇ ನಾನು ನೆಲಕ್ಕೆ ಕೂತೆ, ಮತ್ತೆ ಎದ್ದದ್ದು ಸಾವಂತ್ರಕ್ಕ ಬಂದು ಎಬ್ಬಿಸಿದ ಮೇಲೆ.

"ಹಿಂಗೇ ಮಾಡ್ತಿದ್ರೆ ಇನ್ನೊಂದು ಮಂಚ ಹಾಕ್ಬೇಕಾಯ್ತದೆ ನೀಲಮ್ಮ," ಎಂದಳು ಆಕೆ, ಹರಳೆಣ್ಣೆ ಬಿಸಿ ಮಾಡುತ್ತ. "ನಿನ್ನನ್ನ ನೋಡ್ಕೊಳ್ಳೋಕೆ ಯಾರು ಬತ್ತಾರೆ?"

ಮನೆಯನ್ನೇ ನಿಲ್ಲಿಸಿಬಿಟ್ಟರೆ ಹೇಗೆ ಎಂಬ ಯೋಚನೆ ನನಗೆ ಬಂದದ್ದು ಆಗ. ಮನೆಯ ಬುಡವನ್ನು ಕಂಬಕ್ಕೆ ಸೇರಿಸುವ ಕೀಲುಗಳಲ್ಲಿ ಹೆಗಲ ಬೋಲ್ಟು ತೆಗೆದು ಮಾಮೂಲಿ ಬೋಲ್ಟು ಹಾಕಿ ಬಿಗಿದರೆ ಮನೆ ಗುಡ್ಡದ ಕಡೆಗೇ ನಿಲ್ಲುತ್ತದೆ. ಮಾರನೆಯ ದಿನ ನಮ್ಮ ಮೇಸ್ತ್ರಿ ದಸ್ತಗೀರ್ ಸಾಬರನ್ನು ಕೇಳಿದೆ. ಅವರು ಯಜಮಾನರ ಜೊತೆ ಒಂದೇ ಲೇತಿನಲ್ಲಿ ಕಲಿತವರು. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು.

"ಆಗಾಕಿಲ್ಲಮ್ಮ. ಚರ್ಚಿನ ಹಿಂದುಗಡೆ ಒಬ್ರು ನಿಲ್ಲಿಸಿದ್ರು, ನೀವಿನ್ನೂ ಈ ಊರಿಗೆ ಬಂದಿರಲಿಲ್ಲ. ಅವರ ಮನೆ ನಿಂತ್ಕಂತು, ಸರಿ. ನೀರಿನ ಪೈಪು ಪಕ್ಕದ ಮನೆಗೂ ಸೇರಿದ್ದಲ್ವಾ? ಆ ಮನೆ ತಿರುಗ್ತು, ಈ ಮನೆ ತಿರುಗ್ಲಿಲ್ಲ. ಪೈಪು ಕಿತ್ಕೊಂಡು ಗೋಡೆ ಸಮೇತ ಹೋಯ್ತು. ಒಳಗೆ ಬಾಣಂತಿ ಮಲಗಿದ್ಲು, ಪುಣ್ಯಕ್ಕೆ ಕಾಲು ಮುರಿದದ್ದಷ್ಟೇ."

ಸಾವಂತ್ರಕ್ಕನ ಮನೆಗೆ ಹೋಗುವ ಪೈಪು ನಮ್ಮ ಹಿತ್ತಲಿನಿಂದಲೇ ಹೋಗುವುದು. ನಾನು ಆ ಮಾತು ಬಿಟ್ಟೆ. ಬೆಂಚಿಗೆ ವಾಪಸು ಹೋಗಿ ಬಳೆ ತೊಡಿಸಿ ನೋಡುವ ಕೆಲಸ ಮುಂದುವರಿಸಿದೆ. ಕಣ್ಣಲ್ಲಿ ನೀರು ಬಂದಿತ್ತೋ ಏನೋ, ಸಾಬರು ಸ್ವಲ್ಪ ಹೊತ್ತಿಗೆ ಬಂದು ಎದುರು ನಿಂತರು.

"ಮನೆ ಬ್ಯಾಡ. ಮಂಚ ನಿಲ್ಲಿಸಿದ್ರೆ?"

"ಮಂಚ ಇರೋದು ಮನೆ ಒಳಗೇ ಅಲ್ವಾ ಸಾಬ್ರೇ. ಮನೆ ಜೊತೆ ಅದೂ ತಿರುಗುತ್ತೆ."

"ಕಂಬ ತಿರುಗಲ್ವಲ್ಲ," ಎಂದರು ಅವರು.

ಸೀಮೆಸುಣ್ಣದಿಂದ ನನ್ನ ಬೆಂಚಿನ ಮೇಲೇ ಬರೆದು ತೋರಿಸಿದರು. ಮಂಚದ ಕೆಳಗೆ ನಟ್ಟನಡುವೆ ಒಂದು ದಪ್ಪ ಹೆಗಲ ಬೋಲ್ಟು, ಅದರ ಮೇಲೆ ಮಂಚ ಬುಗುರಿಯ ಹಾಗೆ ತಿರುಗಬೇಕು. ಕಾಲುಗಳಿಗೆ ಗಾಲಿ. ನಡುಮನೆಯ ಕಂಬಕ್ಕೆ ಒಂದು ಅಡ್ಡಪಟ್ಟಿ, ಮಂಚಕ್ಕೆ ಅದೇ ಅಳತೆಯ ಇನ್ನೊಂದು. ಎರಡನ್ನೂ ಸೇರಿಸಿ ಒಂದೇ ಉದ್ದದ ಎರಡು ಸರಳು, ಒಂದರ ಪಕ್ಕ ಒಂದು. ಸರಳುಗಳ ನಾಲ್ಕು ತುದಿಗೂ ಹೆಗಲ ಬೋಲ್ಟು. ಮನೆ ತಿರುಗುತ್ತ ಮಂಚವನ್ನು ಹೊತ್ತುಕೊಂಡು ಕಂಬದ ಸುತ್ತ ಹೋಗುತ್ತದೆ. ಆದರೆ ಜೋಡಿ ಸರಳುಗಳು ಮಂಚದ ದಿಕ್ಕನ್ನು ಹಿಡಿದಿರುತ್ತವೆ. ಕಂಬದ ಪಟ್ಟಿ ಯಾವ ಕಡೆಗೋ ಮಂಚವೂ ಆ ಕಡೆಗೇ. ಯಜಮಾನರ ಮುಖ ಬೆಳಗಿನಿಂದ ಸಂಜೆಯವರೆಗೆ ಗುಡ್ಡದ ದಿಕ್ಕಿಗೇ ಇರುತ್ತದೆ, ಕಿಟಕಿ ಎಲ್ಲಿಗಾದರೂ ಹೋಗಲಿ.

"ಬೆಳಿಗ್ಗೆ ಕಿಟಕಿ ಎದುರಿಗಿರ್ತದೆ. ಮಧ್ಯಾಹ್ನ ಪಕ್ಕಕ್ಕೆ. ಸಂಜೆ ತಲೆ ಹಿಂದೆ ಹೋಯ್ತದೆ, ಮುಖದ ಮುಂದೆ ಬರೀ ಗೋಡೆ," ಎಂದರು. "ಅವನನ್ನ ಒಂದು ಮಾತು ಕೇಳಿದ್ರಾ?"

"ಕೇಳಿದ್ರೆ ಏನು ಹೇಳ್ತಾರೆ ಸಾಬ್ರೇ? ಮಾತೆಲ್ಲಿದೆ?"

ಸಾಬರು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು. ರಜೆಯ ದಿನ ಅವರೇ ಸರಳು, ಪಟ್ಟಿ ಎಲ್ಲ ಹೊತ್ತುಕೊಂಡು ಬಂದರು. ಬೋಲ್ಟುಗಳನ್ನು ನಾನೇ ಆರಿಸಿ ತಂದಿದ್ದೆ, ಬಳೆ ಸ್ವಲ್ಪವೂ ಸಿಕ್ಕದಂಥವು. ಯಜಮಾನರನ್ನು ಚಾಪೆಯ ಮೇಲೆ ಮಲಗಿಸಿ, ಮಂಚವನ್ನು ಮಗುಚಿ, ಮಧ್ಯಾಹ್ನದವರೆಗೆ ಕೆಲಸ ಮಾಡಿದರು. ಯಜಮಾನರು ಚಾಪೆಯಿಂದಲೇ ನೋಡುತ್ತಿದ್ದರು. ಸ್ಪ್ಯಾನರಿನ ಸದ್ದಾದಾಗ ಅವರ ಎಡಗೈ ಬೆರಳುಗಳು ಮಡಚಿಕೊಳ್ಳುತ್ತಿದ್ದವು, ತಾವೇ ಬಿಗಿಯುತ್ತಿರುವ ಹಾಗೆ. ಕೆಲಸ ಮುಗಿದ ಮೇಲೆ ಸಾಬರು ಅವರ ಪಕ್ಕ ಕೂತು, "ನೋಡಯ್ಯ, ನಿನ್ನ ಮನೆಯಾಕೆ ನಿನಗೆ ಒಂದು ಸಿಂಹಾಸನ ಮಾಡಿಸವ್ಳೆ," ಎಂದರು. ಅವರು ಕಣ್ಣು ಮುಚ್ಚಿಕೊಂಡರು.

ಮಂಚ ಹೇಳಿದ ಹಾಗೇ ನಡೆಯಿತು. ಮೊದಲ ಸಂಜೆ ನಾನು ಹೊಸಿಲಲ್ಲಿ ನಿಂತು ನೋಡಿದೆ. ಮಂಚದ ತಲೆಹಲಗೆ ಕಿಟಕಿಯ ಕಡೆಗಿತ್ತು, ಅವರು ಅಡುಗೆಮನೆಯ ಗೋಡೆಯನ್ನು ನೋಡುತ್ತ ಮಲಗಿದ್ದರು. ಮುಖ ಸೊಟ್ಟಗಾಗಿರಲಿಲ್ಲ, ಕೆನ್ನೆ ಒಣಗಿತ್ತು. ಗಾಳಿ ಹಿಂದಿನಿಂದ ಬಂದು ಅವರ ತಲೆಗೂದಲನ್ನು ಅಲ್ಲಾಡಿಸುತ್ತಿತ್ತು. ನಾನು ಹೋಗಿ ಕೈಕಾಲು ತೊಳೆದು, ಎಷ್ಟೋ ದಿನಗಳ ನಂತರ ಕಾಫಿ ಮಾಡಿಕೊಂಡು ಕೂತು ಕುಡಿದೆ. ಸರಳುಗಳು ಮೊಣಕಾಲೆತ್ತರದಲ್ಲಿ ನಡುಮನೆಯ ಅಡ್ಡಕ್ಕೆ ಬಂದಿದ್ದವು, ಎರಡು ಸಲ ಎಡವಿದೆ. ಅಷ್ಟು ಬಿಟ್ಟರೆ ತೊಂದರೆಯಿರಲಿಲ್ಲ.

ಆಮೇಲೆ ಕಾರ್ಖಾನೆಯಿಂದ ಓಡುವುದನ್ನು ಬಿಟ್ಟೆ. ಎಲ್ಲರ ಜೊತೆ ಸಾಲಿನಲ್ಲಿ ನಿಂತು ಕೈ ತೊಳೆಯುತ್ತಿದ್ದೆ. ಬರುವಾಗ ಸೊಪ್ಪು ಕೊಳ್ಳುತ್ತಿದ್ದೆ. ಸೊಂಟದ ನೋವು ಇಳಿಯಿತು. ಯಜಮಾನರು ಶಾಂತವಾಗಿದ್ದರು. ಅತಿ ಶಾಂತವಾಗಿದ್ದರು ಎಂದು ಈಗ ಹೇಳಬಹುದು, ಆಗ ನನಗೆ ಶಾಂತಿ ಸಿಕ್ಕಿದರೆ ಸಾಕಾಗಿತ್ತು. ಗಂಜಿ ಅರ್ಧ ಲೋಟಕ್ಕೆ ಬಾಯಿ ಮುಚ್ಚುತ್ತಿದ್ದರು. ಸಂಜೆ ನಾನು ಬರುವಾಗ ಕಣ್ಣು ಮುಚ್ಚಿರುತ್ತಿದ್ದರು, ನಿದ್ದೆಯಲ್ಲ ಎಂದು ರೆಪ್ಪೆಯಿಂದ ಗೊತ್ತಾಗುತ್ತಿತ್ತು. ಸಾವಂತ್ರಕ್ಕ ಒಂದು ದಿನ ಹೋಗುವಾಗ ಬಾಗಿಲಲ್ಲಿ ನಿಂತು, "ಅಣ್ಣಯ್ಯ ಇಳಿದೋಗ್ತಾ ಅವ್ರೆ," ಎಂದಳು. ಇನ್ನೇನೋ ಹೇಳಲು ಬಾಯಿ ತೆರೆದವಳು, ನನ್ನ ಮುಖ ನೋಡಿ ಸೆರಗು ಹೊದ್ದುಕೊಂಡು ಹೊರಟುಹೋದಳು. ನಾನು ಡಾಕ್ಟರನ್ನು ಕರೆಸಿದೆ. ಅವರು ಟಾನಿಕ್ ಬರೆದುಕೊಟ್ಟರು.

ಆ ವಾರದ ರಜೆಯ ದಿನ, ನಾನು ಹಿತ್ತಲಲ್ಲಿ ಬಟ್ಟೆ ಕುಕ್ಕುತ್ತಿದ್ದಾಗ ಮುಂದಿನ ಹಲಗೆಯ ಮೇಲೆ ಯಾರೋ ಓಡಿಬಂದ ಸದ್ದಾಯಿತು. ಒಳಗೆ ಬಂದು ನೋಡಿದರೆ ಹೇಮ. ಕಂಕುಳಲ್ಲಿ ಮಗು. ತಗ್ಗನ್ನು ಇಳಿದು ಹತ್ತಿ ಬಂದದ್ದಕ್ಕೆ ಅವಳಿಗೆ ಉಸಿರು ಸಿಗುತ್ತಿರಲಿಲ್ಲ, ಸೀರೆಯ ಅಂಚಿನಲ್ಲಿ ಮುಳ್ಳು ಅಂಟಿತ್ತು. ನನ್ನನ್ನು ನೋಡಲಿಲ್ಲ. ನಡುಮನೆಯ ಸರಳುಗಳನ್ನು ದಾಟಲು ಹೋಗಿ ಎಡವಿ, ಮಂಚದ ಅಂಚು ಹಿಡಿದುಕೊಂಡು, ಅಪ್ಪನ ಮುಖದ ಮೇಲೆ ಬಗ್ಗಿದಳು. ಅವರು ಕಣ್ಣು ಬಿಟ್ಟರು.

ಹೇಮ ಹಾಗೆಯೇ ನೆಲಕ್ಕೆ ಕುಸಿದು ಕೂತಳು. ಮಗುವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು ಅತ್ತಳು.

"ಅಪ್ಪ ಹೋಗ್ಬಿಟ್ರು ಅಂದ್ಕೊಂಡೆ," ಎಂದಳು. "ನೀನು ನನಗೆ ಹೇಳಿಕಳಿಸದೇನೇ ಎಲ್ಲ ಮುಗಿಸಿಬಿಟ್ಟೆ ಅಂದ್ಕೊಂಡೆ."

"ಯಾಕೆ ಹಂಗಂದ್ಕೊಂಡೆ?"

"ಕಾಣ್ತಿರಲಿಲ್ವಲ್ಲ. ದಿನಾ ಸಂಜೆ ಬರೀ ಮಂಚದ ಹಲಗೆ ಕಾಣೋದು. ಮೊದಲಾದ್ರೆ ನೀನು ಬಂದು ತಿರುಗಿಸೋವರೆಗಾದ್ರೂ ಕಾಣೋರು."

ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ದಿನಾ ಸಂಜೆ ಕಿಟಕಿಗೆ ಬೆನ್ನು ಹಾಕಿಕೊಂಡೇ ಮಂಚ ತಳ್ಳಿದವಳು ನಾನು. ಆಚೆ ಕಡೆ ಯಾರಾದರೂ ನಿಂತಿರಬಹುದು ಎಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

"ಮದುವೆ ಆದ ಮಾರನೆ ದಿನದಿಂದ ನಿಂತ್ಕೊಂಡಿದೀನಿ," ಎಂದಳು ಹೇಮ. "ಮನೆಗೆ ಬರಬೇಡ ಅಂದೆ, ಕಿಟಕಿ ಹತ್ರ ನಿಲ್ಲಬೇಡ ಅನ್ನಲಿಲ್ವಲ್ಲ. ಇವನು ಹುಟ್ಟಿದ ಮೇಲೆ ಇವನನ್ನೂ ಎತ್ತಿ ತೋರಿಸ್ತಿದ್ದೆ. ಅಪ್ಪ ಎಡಗೈ ಎತ್ತೋರು. ಒಂದೊಂದು ದಿನ ನೀನು ಬಾಗಿಲಲ್ಲಿ ಬರೋದೂ ಕಾಣ್ಸೋದು. ಬಂದ ತಕ್ಷಣ ತಿರುಗಿಸಿಬಿಡ್ತಿದ್ದೆ. ನನ್ನ ಮುಖ ಅವರು ನೋಡಬಾರದು ಅಂತ ಅಷ್ಟು ಕೋಪ ನಿನಗೆ, ಆಗ್ಲಿ ಅಂತ ಸುಮ್ಮನಿದ್ದೆ."

"ಕೋಪಕ್ಕಲ್ಲ ಕಣೇ," ಎಂದೆ. "ನಿಮ್ಮನೆ ಕಡೆ ನೋಡಿ ಅಳ್ತಿದ್ರು. ದಿನಾ ಅಳ್ತಿದ್ರು. ನೋಡೋಕಾಗ್ತಿರಲಿಲ್ಲ ನಂಗೆ."

ಹೇಮ ನನ್ನನ್ನು ನೋಡಿದಳು. ಎದ್ದು ಮಗುವನ್ನು ಅಪ್ಪನ ಎಡಗೈಯ ಹತ್ತಿರ ಹಾಸಿಗೆಯ ಮೇಲೆ ಕೂರಿಸಿದಳು. ಮಗು ಹೊಸ ಜಾಗಕ್ಕೆ ಬೆದರಲಿಲ್ಲ. ಅಜ್ಜನ ಬೆರಳನ್ನು ಹಿಡಿದು ಬಾಯಿಗೆ ಹಾಕಿಕೊಂಡಿತು. ಯಜಮಾನರ ಎಡಗೆನ್ನೆ ನಡುಗಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಮುಖ ಸೊಟ್ಟಗಾಗಿ, ಸಡಿಲ ರೆಪ್ಪೆಯ ಬಲಗಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಗಂಟಲಿನಿಂದ ಅದೇ ಸದ್ದು, ಬಿಟ್ಟುಬಿಟ್ಟು.

"ಇದು ಅಳೋದೇನಮ್ಮ?" ಎಂದಳು ಹೇಮ.

ಅವರ ಅರ್ಧ ಮುಖ ಸತ್ತಿತ್ತು. ಉಳಿದ ಅರ್ಧದಿಂದ ಅವರು ನಗುವುದು ಹೀಗೆಯೇ ಎಂದು ನನಗೆ ಗೊತ್ತಿರಲಿಲ್ಲ. ಅವರ ಮೈ ಒರೆಸಿದ್ದೇನೆ, ಉಗುರು ಕತ್ತರಿಸಿದ್ದೇನೆ, ಹುಣ್ಣಾಗದಂತೆ ಬೆನ್ನಿಗೆ ಪೌಡರು ಹಾಕಿದ್ದೇನೆ. ಅವರು ನಗುವಂಥದ್ದು ಆ ಮನೆಯಲ್ಲಿ ನನ್ನ ಎದುರಿಗೆ ಏನೂ ನಡೆದಿರಲಿಲ್ಲ, ಹಾಗಾಗಿ ನೋಡಿರಲಿಲ್ಲ. ನಾನು ಕಂಬಕ್ಕೆ ಒರಗಿ ನಿಂತೆ.

ಹೇಮ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು. ಸರಳುಗಳನ್ನು ಕೈಯಿಂದ ಮುಟ್ಟಿ ನೋಡಿ, "ಇದನ್ನ ತೆಗೆಯೋಕಾಗತ್ತಾ?" ಎಂದು ಕೇಳಿದಳು. ಸ್ಪ್ಯಾನರು ಅಡುಗೆಮನೆಯ ಗೂಡಿನಲ್ಲಿತ್ತು. ನಾನು ತಂದು ಕೂತೆ. ಹೆಗಲ ಬೋಲ್ಟು ತಾನಾಗಿ ಸಡಿಲವಾಗುವುದಿಲ್ಲ, ದಸ್ತಗೀರ್ ಸಾಬರು ತಮ್ಮ ಬಲವನ್ನೆಲ್ಲ ಹಾಕಿ ಬಿಗಿದಿದ್ದರು. ನನ್ನ ಕೈಗೆ ಅಲುಗಲಿಲ್ಲ. ಹೇಮ ಪಕ್ಕ ಕೂತು ಸ್ಪ್ಯಾನರಿನ ತುದಿಯನ್ನು ಹಿಡಿದಳು. ನಾನು ನಡುವೆ ಹಿಡಿದೆ. ಇಬ್ಬರೂ ಒಟ್ಟಿಗೆ ಎಳೆದಾಗ ಮೊದಲನೆಯದು ಕಿರುಗುಟ್ಟಿ ಬಿಟ್ಟುಕೊಂಡಿತು. ಅವಳ ಅಂಗೈ ಗಾಣದ ಕೆಲಸಕ್ಕೆ ದಡ್ಡುಗಟ್ಟಿತ್ತು. ಅದನ್ನು ನೋಡಿದೆ, ಕೇಳಲಿಲ್ಲ. ಅವಳೂ ನನ್ನ ಬಿರಿದ ಬೆರಳುಗಳನ್ನು ನೋಡಿದಳು.

ಮಂಚದ ನಡುವಿನ ಬೋಲ್ಟನ್ನು ಮಾತ್ರ ಹಾಗೇ ಬಿಟ್ಟೆವು. ಅದಿದ್ದರೆ ಮಂಚವನ್ನು ಒಂದು ಕೈಯಲ್ಲಿ ತಳ್ಳಿ ಬೇಕಾದ ಕಡೆ ತಿರುಗಿಸಬಹುದು ಎಂದು ಹೇಮಳೇ ಹೇಳಿದಳು. ಆಮೇಲೆ ಅವಳು ಎದ್ದು ಮಗುವನ್ನು ಎತ್ತಿಕೊಂಡಳು. ಊಟ ಮಾಡಿಕೊಂಡು ಹೋಗು ಎಂದೆ. ಪರಮೇಶಿ ಕಾಯುತ್ತಿರುತ್ತಾರೆ ಎಂದಳು. ಹೊಸಿಲು ದಾಟುವ ಮುಂಚೆ ನಿಂತು, "ಇನ್ನೊಂದು ದಿನ ಬರ್ತೀನಿ," ಎಂದಳು. ಯಾವ ದಿನ ಎಂದು ಹೇಳಲಿಲ್ಲ.

ಆ ಸಂಜೆ ಹಿಟ್ಟಿನ ಗಿರಣಿಯಿಂದ ಬಂದ ಸಾವಂತ್ರಕ್ಕನನ್ನು, ಹೇಮ ಕಿಟಕಿಯಲ್ಲಿ ನಿಲ್ಲುತ್ತಿದ್ದದ್ದು ನಿನಗೆ ಗೊತ್ತಿತ್ತಾ ಎಂದು ಕೇಳಿದೆ.

"ಬೀದಿಗೆಲ್ಲ ಗೊತ್ತಿತ್ತು," ಎಂದಳು ಆಕೆ. "ನಿನಗೆ ಹೇಳೋರು ಯಾರು? ಅವಳ ಹೆಸರೆತ್ತಿದ್ರೆ ಎದ್ದೋಯ್ತಿದ್ದೆ."

ಮಾರನೆಯ ದಿನ ಕಾರ್ಖಾನೆಯಲ್ಲಿ ಕೆಲಸ ಹೆಚ್ಚಿತ್ತು. ಸಿಕ್ಕಿಕೊಳ್ಳುವ ಬೋಲ್ಟುಗಳೇ ಜಾಸ್ತಿ ಬಂದು ಲೇತಿನವರಿಗೂ ನನಗೂ ಮಾತು ಬೆಳೆಯಿತು. ಗಂಟೆ ಹೊಡೆದಾಗ ತಲೆ ಸಿಡಿಯುತ್ತಿತ್ತು. ಸಾಲಿನಲ್ಲಿ ನಿಂತು ಕೈ ತೊಳೆದು ನಡೆದೆ. ಮನೆ ತಲುಪಿದಾಗ ಕಿಟಕಿ ಪಡುವಣಕ್ಕೆ ಬಂದಿತ್ತು, ಒಳಗೆಲ್ಲ ಇಳಿಬಿಸಿಲು. ಯಜಮಾನರು ಕಿಟಕಿಗೆ ಎದುರಾಗಿ ದಿಂಬಿಗೆ ಒರಗಿದ್ದರು. ಎಡಗೈ ಹೊದಿಕೆಯಿಂದ ಒಂದು ಗೇಣು ಮೇಲಿತ್ತು. ಮುಖ ಸೊಟ್ಟಗಾಗಿತ್ತು.

ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಗೋಡೆಯ ಪಕ್ಕ ನಿಂತಿದ್ದೆ. ಆಮೇಲೆ ಹೋಗಿ ಮಂಚದ ಕಾಲ್ಗಡೆ ಕೂತು ಕಿಟಕಿಯಾಚೆ ನೋಡಿದೆ. ತಗ್ಗಿನ ಆ ಬದಿಗೆ ಎಷ್ಟೊಂದು ಮನೆಗಳಿದ್ದವು, ಯಾವುದೆಂದು ಮೊದಲು ತಿಳಿಯಲಿಲ್ಲ. ಹುಡುಕುತ್ತ ಹೋದಾಗ ಹಸಿರು ಬಾಗಿಲಿನ ಮನೆಯ ಕಿಟಕಿಯಲ್ಲಿ ಅವಳು ಸಿಕ್ಕಳು. ಮಗುವನ್ನು ಎತ್ತಿ ಹಿಡಿದಿದ್ದಳು. ಅಪ್ಪನ ಮುಖದ ಜೊತೆ ಇನ್ನೊಂದು ಮುಖ ಕಂಡು ಅವಳ ಕೈ ಒಂದು ಗಳಿಗೆ ತಡೆಯಿತು, ಆಮೇಲೆ ಮಗುವನ್ನು ಮತ್ತೂ ಮೇಲಕ್ಕೆ ಎತ್ತಿದಳು. ಕೈ ಬೀಸಬೇಕೋ ಏನೋ, ನನಗೆ ಅಭ್ಯಾಸವಿರಲಿಲ್ಲ. ಸುಮ್ಮನೆ ಕೂತು ನೋಡಿದೆ. ಮನೆಗಳು ತಮ್ಮ ಪಾಡಿಗೆ ಸರಿಯುತ್ತಿದ್ದವು. ಅವಳ ಕಿಟಕಿ ಓರೆಯಾಯಿತು, ಮಗುವಿನ ಅಂಗಿಯ ಬಿಳುಪು ಒಂದು ಗೆರೆಯಷ್ಟಾಯಿತು, ಆಮೇಲೆ ಬರೀ ಗೋಡೆ.

ಎದ್ದು ಒಲೆ ಹಚ್ಚಬೇಕಿತ್ತು, ನೀರು ತುಂಬಬೇಕಿತ್ತು. ಏಳಲಾಗಲಿಲ್ಲ. ಮಂಡಿಗಳು ಕಟ್ಟಿಗೆಯಾಗಿದ್ದವು. ಚಪ್ಪಲಿ ಕಳಚಿ, ಕಾಲುಗಳನ್ನು ಒಂದೊಂದಾಗಿ ಕೈಯಿಂದಲೇ ಎತ್ತಿ ಹಾಸಿಗೆಯ ಮೇಲೆ ಇಟ್ಟುಕೊಂಡೆ. ಯಜಮಾನರು ಕಿಟಕಿಯ ಕಡೆಗೇ ನೋಡುತ್ತಿದ್ದರು. ಹೊದಿಕೆಯ ಕೆಳಗೆ ಅವರ ಎಡಗಾಲು ನಿಧಾನಕ್ಕೆ, ತುಂಬ ನಿಧಾನಕ್ಕೆ, ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟಿತು.